ಜಾತಕ ಇರುವ ದೆವ್ವ

ಅಲ್ಲ ರಾಯರೇ, ಮೊಮ್ಮಗ ರಾತ್ರಿ ದೀಪ ಆರಿಸೋಕೆ ಬಿಡಲ್ಲ ಅಂತ ಮೊಬೈಲಿಗೆ ಬೈದು ಏನು ಬಂತು? ಏನು ನೋಡಿ ಹೆದರಿದ್ದಾನೆ ಅಂತ ಕೇಳಿದ್ರಾ? ಮುಖವೇ ಇಲ್ಲದ ಉದ್ದನೆ ಮನುಷ್ಯ, ಕಪ್ಪು ಸೂಟು, ಅಂದನಾ? ಹಾಗಾದ್ರೆ ಚಿಂತೆ ಬಿಡಿ, ಆ ದೆವ್ವದ ಜಾತಕವೇ ನನಗೆ ಗೊತ್ತು. ಹೆಸರು ಸ್ಲೆಂಡರ್ ಮ್ಯಾನ್. ಹುಟ್ಟಿದ್ದು ಅಮೆರಿಕದಲ್ಲಿ, 2009ರ ಜೂನ್ 10ಕ್ಕೆ. ಹುಟ್ಟಿಸಿದವನು ಎರಿಕ್ ನುಡ್ಸನ್.

ಸಮ್‌ಥಿಂಗ್ ಆಫುಲ್ ಅನ್ನೋ ಜಾಲತಾಣದಲ್ಲಿ, ಮಾಮೂಲಿ ಫೋಟೋ ತಿದ್ದಿ ದೆವ್ವದ ಫೋಟೋ ಮಾಡೋ ಆಟ ನಡೀತಿತ್ತಂತೆ. ಈತ ಮಕ್ಕಳಿರೋ ಎರಡು ಕಪ್ಪು-ಬಿಳುಪು ಚಿತ್ರ ಹಿಡಿದು, ಹಿಂದುಗಡೆ ಆ ನೀಳ ಆಕೃತಿ ಸೇರಿಸಿದ. ಅಷ್ಟಕ್ಕೇ ನಿಲ್ಲಿಸಿದ್ರೆ ಯಾರೂ ತಿರುಗಿ ನೋಡ್ತಿರಲಿಲ್ಲ. ಕೆಳಗೆ ನಾಲ್ಕು ಸಾಲು ಬರೆದ ನೋಡಿ, ಅದು ಕೆಲಸ ಮಾಡ್ತು. ಒಂದನ್ನ ತೆಗೆದವರು ಬಹುಶಃ ಬದುಕಿಲ್ಲ. ಇನ್ನೊಂದು ಸುಟ್ಟುಹೋದ ಗ್ರಂಥಾಲಯದ ಬೂದಿಯಿಂದ ಉಳಿದದ್ದು, ಆ ಫೋಟೋ ತೆಗೆದ ದಿನವೇ ಹದಿನಾಲ್ಕು ಮಕ್ಕಳು ಕಾಣೆಯಾದರು, ಹೀಗೆ ಏನೇನೋ. ಮಾಡಿದ್ದು ನಾನು ಅನ್ನಲಿಲ್ಲ, ಎಲ್ಲೋ ಸಿಕ್ಕಿತು ಅಂದ.

ಈ ಕಸುಬಿನವರ ಬಂಡವಾಳವೇ ಅದು. ತೊಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದರಲ್ಲ, ಆ ಕಥೆ ಮೊದಲು ಯಾರ ಬಾಯಿಂದ ಹೊರಟಿತು ಅಂತ ಕೇಳಿದ್ರೆ ‘ಅವರು ಹೇಳಿದ್ರು, ಇವರು ಹೇಳಿದ್ರು’ ಅಂತಲೇ ಸುತ್ತಬೇಕು. ಆ ಸುಖ ಇವರಿಗಿಲ್ಲ. ಅಂತರ್ಜಾಲದಲ್ಲಿ ಕಥೆ ಹಾಕಿದ ಕೂಡಲೇ ತಾರೀಖು ಬಿದ್ದುಬಿಡುತ್ತೆ. ಹಾಗಾಗಿ ಬರೆದವನು ಬೇಕಂತಲೇ ತಲೆಮರೆಸಿಕೊಳ್ಳಬೇಕು.

ಆ ಫೋಟೋ ಬಂದು ಹತ್ತೇ ದಿನಕ್ಕೆ, ಅಲಬಾಮ ರಾಜ್ಯದ ಟ್ರಾಯ್ ವ್ಯಾಗ್ನರ್ ಮತ್ತು ಗೆಳೆಯರು ಯೂಟ್ಯೂಬಿನಲ್ಲಿ ‘ಮಾರ್ಬಲ್ ಹಾರ್ನೆಟ್ಸ್’ ಅಂತ ಒಂದು ಸರಣಿ ಶುರು ಮಾಡಿದರು. ಅದರ ಕಥೆ ಕೇಳಿ. ಅಲೆಕ್ಸ್ ಅನ್ನೋ ಕಾಲೇಜು ಹುಡುಗ ಒಂದು ಸಿನಿಮಾ ತೆಗೆಯೋಕೆ ಹೊರಟು ಅರ್ಧಕ್ಕೆ ಬಿಟ್ಟ, ಟೇಪುಗಳನ್ನೆಲ್ಲ ಸುಟ್ಟುಹಾಕ್ತೀನಿ ಅಂದ. ಗೆಳೆಯ ಜೇ ‘ಸುಡೋ ಬದಲು ನನಗೆ ಕೊಡು’ ಅಂತ ಇಸ್ಕೊಂಡ. ಈಗ ಒಂದೊಂದೇ ಟೇಪು ನೋಡಿ ನಮಗೂ ತೋರಿಸ್ತಿದ್ದಾನೆ. ಎಷ್ಟು ಜಾಣತನ ನೋಡಿ! ಚಿತ್ರೀಕರಣ ಕೆಟ್ಟದಾಗಿದ್ರೆ ಅದು ವಿದ್ಯಾರ್ಥಿಯ ಟೇಪು. ಮಧ್ಯೆ ಏನೋ ಬಿಟ್ಟುಹೋಗಿದ್ರೆ ಆ ಟೇಪು ಇನ್ನೂ ಸಿಕ್ಕಿಲ್ಲ. ಸೂಟಿನವನು ಹತ್ತಿರ ಬಂದ ತಕ್ಷಣ ಚಿತ್ರ ಹರಿದು ಹರಿದು ಬರುತ್ತೆ, ಶಬ್ದ ಗೊರಗೊರ ಅನ್ನುತ್ತೆ. ವೇಷ ಸರಿಯಾಗಿ ಕಾಣದಿರೋಕೆ ಇದಕ್ಕಿಂತ ಒಳ್ಳೆ ಉಪಾಯ ಉಂಟಾ? ದುಡ್ಡಿಲ್ಲದ್ದೇ ಅವರ ಶೈಲಿ ಆಯ್ತು ರಾಯರೇ. ಮನೆ, ಪಾರ್ಕು, ಪಾಳುಬಿದ್ದ ಕಟ್ಟಡ, ನಟರೆಲ್ಲ ಸ್ನೇಹಿತರು. ಪಾತ್ರವೊಂದು ಇದ್ದಕ್ಕಿದ್ದಂತೆ ಮಾಯವಾದ್ರೆ ಆ ಹುಡುಗನಿಗೆ ಪರೀಕ್ಷೆ ಇದ್ದಿರಬೇಕು ಅಂತ ನನ್ನ ಗುಮಾನಿ.

ಸಾಲದು ಅಂತ, ‘ಟುದಿಆರ್ಕ್’ ಅನ್ನೋ ಇನ್ನೊಂದು ಚಾನೆಲ್ಲಿನಿಂದ ಒಗಟೊಗಟಾದ ಉತ್ತರದ ವಿಡಿಯೊಗಳು. ನೋಡುಗರು ಒಂದೊಂದು ಫ್ರೇಮೂ ನಿಲ್ಲಿಸಿ ಅರ್ಥ ಹುಡುಕ್ತಾ ಕೂತರು. ಮುಂದೆ ನ್ಯೂಜೆರ್ಸಿಯ ಹುಡುಗರು ‘ಎವ್ರಿಮ್ಯಾನ್ ಹೈಬ್ರಿಡ್’ ಅಂತ ವ್ಯಾಯಾಮ ಹೇಳಿಕೊಡೋ ಸೋಗಿನಲ್ಲಿ ಶುರು ಮಾಡಿ, ಹಿನ್ನೆಲೆಯಲ್ಲಿ ಆ ಸೂಟಿನವನನ್ನ ನಿಲ್ಲಿಸಿ, ‘ಅದು ನಾವೇ ತಮಾಷೆಗೆ ಮಾಡಿದ್ದು’ ಅಂತ ಒಪ್ಪಿಕೊಂಡರು. ಆ ಒಪ್ಪಿಗೆಯೂ ನಾಟಕದ ಒಳಗಿನದೇ! ಒಂದು ಸುಳ್ಳು ಒಪ್ಪಿಕೊಂಡವನ ಮುಂದಿನ ಸುಳ್ಳನ್ನ ಜನ ಸುಲಭವಾಗಿ ನಂಬ್ತಾರೆ, ನಮ್ಮ ಬಡಾವಣೆಯ ಸೈಟು ಮಾರೋರಿಗೂ ಇದು ಗೊತ್ತು.

ನನ್ನ ಕೇಳಿದ್ರೆ ಇವರೆಲ್ಲರಿಗಿಂತ ಕ್ರಿಸ್ ಸ್ಟ್ರಾಬ್ ಒಂದು ಕೈ ಮೇಲು. 2009ರಲ್ಲೇ ಆತ ಬರೆದ ‘ಕ್ಯಾಂಡಲ್ ಕೋವ್’ನಲ್ಲಿ ದೆವ್ವವೂ ಇಲ್ಲ, ರಕ್ತವೂ ಇಲ್ಲ. ಚಿಕ್ಕಂದಿನಲ್ಲಿ ಟೀವಿಯಲ್ಲಿ ನೋಡಿದ ಗೊಂಬೆಯಾಟದ ಕಾರ್ಯಕ್ರಮವೊಂದನ್ನ ಕೆಲವರು ನೆನಪಿಸಿಕೊಳ್ತಾ ಹರಟ್ತಾರೆ, ಅಷ್ಟೇ. ಕಡಲುಗಳ್ಳರ ಕಥೆ, ಒಂದೆರಡು ವಿಕಾರ ಗೊಂಬೆ. ಕೊನೆಗೆ ಒಬ್ಬ ತಾಯಿಯನ್ನ ಕೇಳಿದಾಗ ಆಕೆ ಹೇಳ್ತಾಳೆ: ಅಯ್ಯೋ, ನೀನು ಅರ್ಧ ಗಂಟೆ ಬರೀ ಚುಕ್ಕೆ ಬರೋ ಟೀವಿಯನ್ನೇ ನೋಡ್ತಾ ಕೂತಿರ್ತಿದ್ದೆ ಅಂತ. ಮುಗೀತು!

ಹೀಗೆ ಮುಗಿಸೋದು ಮಾತ್ರ ಎಲ್ಲರ ಕೈಲಿ ಆಗಲ್ಲ. 2001ರಲ್ಲಿ ‘ಟೆಡ್ ದಿ ಕೇವರ್’ ಅಂತ ಒಂದು ಬಂದಿತ್ತು. ಗುಹೆ ಹೊಕ್ಕವನ ದಿನಚರಿ, ಫೋಟೋ ಸಮೇತ. ಅದು ಮತ್ತೆ ಗುಹೆಗೆ ಹೋಗ್ತೀನಿ ಅನ್ನೋ ಪುಟಕ್ಕೆ ನಿಂತುಬಿಡ್ತು, ಅದೇ ಸರಿ. ಉಳಿದವರು ಒಂದು ಪ್ರಶ್ನೆಗೆ ಉತ್ತರ ಕೊಡಲಾರದೆ ಹತ್ತು ಪ್ರಶ್ನೆ ಹುಟ್ಟಿಸ್ತಾ ವರ್ಷಗಟ್ಟಲೆ ಎಳೀತಾರೆ. ‘ಮಾರ್ಬಲ್ ಹಾರ್ನೆಟ್ಸ್’ 87 ಕಂತು ದಾಟಿ, ಐದು ವರ್ಷ ಓಡಿ, 2014ರ ಜೂನ್ 20ಕ್ಕೆ ನಿಂತಿತು. ಆ ಸೂಟಿನವನು ಯಾರು, ಅವನಿಗೇನು ಬೇಕಿತ್ತು ಅಂತ ಕೊನೆಗೂ ಹೇಳಲಿಲ್ಲ. ನನಗೇನೂ ಬೇಜಾರಿಲ್ಲ. ಹೇಳಿದ್ರೆ ಸೂಟು ಹಾಕಿದ ಗುಮಾಸ್ತ ಆಗ್ತಿದ್ದ.

ಆದ್ರೆ ಅದಕ್ಕೆ ಇಪ್ಪತ್ತು ದಿನ ಮುಂಚೆ, ಮೇ 31ರಂದು, ವಿಸ್ಕಾನ್ಸಿನ್ ರಾಜ್ಯದ ವಾಕಿಶಾದಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ತಮ್ಮದೇ ಗೆಳತಿಗೆ 19 ಸಲ ಚಾಕು ಹಾಕಿದ್ರು. ಸ್ಲೆಂಡರ್ ಮ್ಯಾನನ್ನ ಮೆಚ್ಚಿಸೋಕೆ ಅಂತೆ. ಆ ಮಗು ಬದುಕಿತು, ದೊಡ್ಡ ಪುಣ್ಯ. ಹಲ್ಲೆ ಮಾಡಿದವರನ್ನ ಕೋರ್ಟು ಮಾನಸಿಕ ಅಸ್ವಸ್ಥರೆಂದು ಆಸ್ಪತ್ರೆಗೆ ಕಳಿಸಿತು. ಕಥೆ ಕಟ್ಟಿದವರನ್ನ ದೂರೋಕೆ ನನಗೆ ಬಾಯಿ ಬರಲ್ಲ. ಆದರೂ ‘ಇದು ಸಿಕ್ಕಿದ್ದು’ ಅನ್ನೋ ಆಟದಲ್ಲಿ ದೊಡ್ಡವರು ಕಣ್ಣು ಮಿಟುಕಿಸಿದ್ದು ಮಗುವಿಗೆ ಕಾಣಲ್ಲವಲ್ಲ. ನಿಮ್ಮ ಮೊಮ್ಮಗನಿಗೆ ಆ ಜೂನ್ 10ರ ಸಂಗತಿ ಹೇಳಿ ಅನ್ನೋದು ಇದಕ್ಕೇ.

ಏನು, ಅವನು ಈಗ ಹಳದಿ ಕೋಣೆ ಅಂತಲೂ ಅಂತಿದ್ದಾನಾ? ಓ, ಅದು ‘ಬ್ಯಾಕ್‌ರೂಮ್ಸ್’! 2022ರಲ್ಲಿ ಕೇನ್ ಪಾರ್ಸನ್ಸ್ ಅನ್ನೋ ಹದಿನಾರರ ಹುಡುಗ ಕಂಪ್ಯೂಟರಿನಲ್ಲೇ ಮಾಡಿ ಹಾಕಿದ ವಿಡಿಯೊ. ಆಗಲೇ ಓಡಾಡ್ತಿದ್ದ ಒಂದು ಫೋಟೋ ಅದಕ್ಕೆ ಮೂಲ: ಹಳದಿ ಗೋಡೆ, ಖಾಲಿ ಕೋಣೆ, ಟ್ಯೂಬ್‌ಲೈಟು, ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲದ್ದು. ಬೆನ್ನುಹತ್ತಿದವರು 2024ರಲ್ಲಿ ಪತ್ತೆ ಮಾಡಿದರು. ಅದೇ ವಿಸ್ಕಾನ್ಸಿನ್‌ನ ಓಷ್‌ಕಾಷ್ ಊರಿನ ಹಳೇ ಪೀಠೋಪಕರಣದ ಅಂಗಡಿ. ಆಟಿಕೆ ಅಂಗಡಿಯವರು ಅದನ್ನ ಕೊಂಡು, ರಿಮೋಟ್ ಕಾರು ಓಡಿಸೋ ಟ್ರ್ಯಾಕ್ ಹಾಕೋಕೆ ರಿಪೇರಿ ಮಾಡಿಸ್ತಿದ್ದಾಗ ತೆಗೆದ ಚಿತ್ರವಂತೆ. ಅದನ್ನೂ ಅವನಿಗೆ ಹೇಳಿ. ಆದ್ರೆ ಹುಷಾರು, ನಾಳೆಯೇ ರಿಮೋಟ್ ಕಾರು ಕೊಡಿಸಿ ಅಂತ ಹಟ ಹಿಡೀತಾನೆ.