ಸ್ಕ್ರಿಪ್ಟಿಗೆ 30 ಸೆಕೆಂಡು, ಮನುಷ್ಯನಿಗೆ ಸೊನ್ನೆ

ಚೆನ್ನೈನ ಪೋರೂರಿನ ಐಟಿ ಪಾರ್ಕುಗಳಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟೇಳುವವರು ಯಾರು ಎಂದು ಕೇಳಿದರೆ ನಾನು ವೆಬ್‌ಸೈಟು ಓಡಿಸುವ ಪಿಎಚ್‌ಪಿ ಸ್ಕ್ರಿಪ್ಟಿನ ಕಡೆ ಬೆರಳು ತೋರಿಸುತ್ತೇನೆ. ಯಾರೂ ಏನೂ ಹೇಳದಿದ್ದರೆ ವೆಬ್ ಸರ್ವರಿನಲ್ಲಿ ಅದರ ಆಯುಷ್ಯ 30 ಸೆಕೆಂಡು. ಅಷ್ಟರೊಳಗೆ ಮುಗಿಸದಿದ್ದರೆ ಫೇಟಲ್ ಎರರ್ ಎಂದು ಷರಾ ಬರೆದು ಕತ್ತು ಹಿಡಿದು ಹೊರಗೆ ದಬ್ಬುತ್ತಾರೆ. ‘ಇನ್ನೊಂದೇ ಸ್ಲೈಡು ಸಾರ್’ ಎನ್ನಲು ಅದಕ್ಕೆ ಬಾಯಿಲ್ಲ.

ಇದರಲ್ಲಿ ವಿವೇಕವಿದೆ. ಎಂಥ ಪ್ರೋಗ್ರಾಮೇ ಇರಲಿ, ಅದು ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂದು ಮೊದಲೇ ಹೇಳಿಬಿಡುವ ಸಾರ್ವತ್ರಿಕ ಉಪಾಯ ಇರಲಾರದೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಕೊಟ್ಟ. ಭವಿಷ್ಯ ನುಡಿಯಲಾಗದ ಕಡೆ ಗಡಿಯಾರವೇ ಗತಿ. ನಮ್ಮ ಸೋಮವಾರದ ಮೀಟಿಂಗಿಗೆ ಬಂದಿದ್ದರೆ ಆತನಿಗೆ ಅಷ್ಟು ಗಣಿತ ಮಾಡುವ ಕಷ್ಟವೂ ಇರುತ್ತಿರಲಿಲ್ಲ.

ಮ್ಯಾನೇಜರುಗಳು ಈ 30 ಸೆಕೆಂಡಿನ ನಿಯಮದಿಂದ ಕಲಿತಿದ್ದಾರೆ, ಮಿತಿಯನ್ನಲ್ಲ, ವಿನಾಯಿತಿಗಳನ್ನು. ಮೊದಲನೆಯದು: ಸ್ಕ್ರಿಪ್ಟ್ ಓಡುತ್ತಿರುವಾಗ ನಡುವೆ ಹೊಸ ಮಿತಿ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. 25ನೇ ಸೆಕೆಂಡಿನಲ್ಲಿ ಇನ್ನೊಂದು 30 ಕೊಟ್ಟರೆ ಒಟ್ಟು 55. ಸಂಜೆ ಆರಕ್ಕೆ ಹಾವೇರಿಯ ಹುಡುಗ ಬ್ಯಾಗು ಹೆಗಲಿಗೇರಿಸಿ ‘ಹೊರಡ್ತೀನಿ ಸಾರ್’ ಎಂದಾಗ ‘ಹೊರಡಪ್ಪಾ, ಕ್ಲೈಂಟ್ ಜತೆ ಒಂದು ಸಣ್ಣ ಕಾಲ್ ಇದೆ, ಮುಗಿಸ್ಕೊಂಡು ಹೋಗು’ ಎಂಬ ಉತ್ತರ ಬರುವುದು ಇದೇ ವಿಧಿಯಡಿ.

ಎರಡನೆಯದು: ಲಿನಕ್ಸ್‌ನಲ್ಲಿ ಡೇಟಾಬೇಸಿಗಾಗಿ ಕಾದ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಮೌಂಟ್–ಪೂನಮಲ್ಲಿ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಳಗೆ, ಮುಂದಿನ ಬಸ್ಸಿನ ಹಿಂಭಾಗ ನೋಡುತ್ತ ಕಳೆದ ಹೊತ್ತೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮೂರನೆಯದೇ ಮುಕುಟಮಣಿ: ಮಿತಿಯ ಜಾಗದಲ್ಲಿ ಸೊನ್ನೆ ಬರೆದರೆ ‘ಮಿತಿಯೇ ಇಲ್ಲ’ ಎಂದರ್ಥ. ಓವರ್‌ಟೈಮ್ ಭತ್ಯೆಯ ಕಾಲಮ್ಮಿನಲ್ಲಿ ಸೊನ್ನೆ ಯಾಕಿದೆ ಎಂದು ಇನ್ನು ಕೇಳಬೇಡಿ.

ಅದೇ ಮೌಂಟ್–ಪೂನಮಲ್ಲಿ ರಸ್ತೆಯ ಮಣಪಾಕ್ಕಂನಲ್ಲಿ ಎಲ್ ಅಂಡ್ ಟಿ ಕನ್‌ಸ್ಟ್ರಕ್ಷನ್ನಿನ ಕೇಂದ್ರ ಕಚೇರಿಯಿದೆ. ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ವಾರಕ್ಕೆ 90 ಗಂಟೆ ದುಡಿಮೆಯ ಮಾತು 2025ರ ಜನವರಿಯಲ್ಲಿ ದೇಶವಿಡೀ ಓಡಾಡಿತು. ಭಾನುವಾರ ಮನೆಯಲ್ಲಿ ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತ ಕೂರುತ್ತೀರಿ ಎಂಬ ಪ್ರಶ್ನೆಯ ಸಮೇತ. ನೋಡಿ, ಮಿತಿ ಹಾಕುವುದು ಅವರಿಗೂ ಗೊತ್ತು! ಸರ್ಕಾರಗಳೇನು ಕಮ್ಮಿಯೇ? ತಮಿಳುನಾಡು 2023ರ ಏಪ್ರಿಲಿನಲ್ಲಿ ಕಾರ್ಖಾನೆಗಳಿಗೆ 12 ಗಂಟೆಯ ಪಾಳಿಯ ಮಸೂದೆ ಪಾಸು ಮಾಡಿ, ಗದ್ದಲವೆದ್ದ ಮೇಲೆ ಕಾರ್ಮಿಕರ ದಿನದಂದು ವಾಪಸ್ ಪಡೆಯಿತು. ಕರ್ನಾಟಕದಲ್ಲಿ 2024ರ ಜುಲೈಯಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವವೇ ಬಂತು.

ಹಾಗಾದರೆ ಸ್ಕ್ರಿಪ್ಟಿನ ಮೇಲೇಕೆ ಇಷ್ಟು ಕರುಣೆ? ಕರುಣೆಯಲ್ಲ ಸ್ವಾಮಿ, ಬಿಲ್ಲು. ಅಮೆಜಾನಿನ ಕ್ಲೌಡ್ ಸೇವೆ ಲ್ಯಾಂಬ್ಡಾ ಒಂದು ಫಂಕ್ಷನ್ನನ್ನು ಒಂದೇ ಓಟದಲ್ಲಿ 15 ನಿಮಿಷಕ್ಕಿಂತ ಹೆಚ್ಚು ಓಡಲು ಬಿಡದು, ಓಡಿದಷ್ಟಕ್ಕೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಕೀಳುತ್ತದೆ. ಸ್ಕ್ರಿಪ್ಟ್ ರಾತ್ರಿಯಿಡೀ ಸಿಕ್ಕಿಬಿದ್ದರೆ ಬೆಳಿಗ್ಗೆ ಫೈನಾನ್ಸಿನವರು ಹೌಹಾರುತ್ತಾರೆ. ಎಂಜಿನಿಯರ್ ಸಿಕ್ಕಿಬಿದ್ದರೆ ತಿಂಗಳ ಸಂಬಳ ಅಷ್ಟೇ, ಜತೆಗೊಂದು ‘ಗ್ರೇಟ್ ಕಮಿಟ್‌ಮೆಂಟ್’ ಮೇಲ್. ಅವನಿಗೂ ಮಿಲಿಸೆಕೆಂಡಿಗಿಷ್ಟು ಎಂದು ದರ ಕಟ್ಟಿ. 90 ಗಂಟೆಯ ದೇಶಪ್ರೇಮ ಎಷ್ಟು ಸೆಕೆಂಡಿನಲ್ಲಿ ಟೈಮ್‌ಔಟ್ ಆಗುತ್ತದೆ, ನೋಡೋಣ.