ಆಟಿ ತಿಂಗಳಲ್ಲಿ ಬಿದಿರಿನ ಬ್ರಷ್ಷು

ನಮ್ಮ ಮನೆಯಲ್ಲಿ ಕಸದ ಖಾತೆ ಮಗಳದು. ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಅಆಇಈ ಬರುವ ಮೊದಲೇ ಯಾವ ಕಸ ಯಾವ ತೊಟ್ಟಿಗೆ ಎನ್ನುವುದು ಬಂದಿರುತ್ತದೆ. ಕಾಗದಕ್ಕೊಂದು, ತರಕಾರಿ ಸಿಪ್ಪೆಗೊಂದು, ಪ್ಲಾಸ್ಟಿಕ್ಕಿಗೆ ಹಳದಿಯದ್ದೊಂದು. ಗಾಜಿನ ಕುಪ್ಪಿಯನ್ನು ಬೀದಿಯ ಡಬ್ಬಕ್ಕೆ ಹಾಕಬೇಕು. ಅದೂ ಬಣ್ಣ ನೋಡಿ, ಅದೂ ಭಾನುವಾರ ಅಲ್ಲ, ನೆರೆಯವರ ನಿದ್ದೆ ಕೆಡುತ್ತದೆ. ಈ ಖಾತೆಯ ಸಚಿವೆ ಒಂದು ದಿನ ಟೂತ್‌ಪೇಸ್ಟಿನ ಟ್ಯೂಬಿನ ಮೇಲೆ ಕಣ್ಣು ಹಾಕಿದಳು. ಪ್ಲಾಸ್ಟಿಕ್ ಪದರಗಳ ನಡುವೆ ತೆಳ್ಳಗೆ ಅಲ್ಯೂಮಿನಿಯಂ ಇರುವ ಟ್ಯೂಬನ್ನು ಬಿಡಿಸಿ ಮರುಬಳಕೆ ಮಾಡುವುದು ಕಷ್ಟ ಎಂದು ಊಟದ ಮೇಜಿನಲ್ಲಿ ಭಾಷಣವಾಯಿತು. ಅಲ್ಲಿಗೆ ಪೇಸ್ಟ್ ಬಂದ್, ಮಾತ್ರೆ ಶುರು.

ಈ ಮಾತ್ರೆಯನ್ನು ಬಾಯಿಗೆ ಹಾಕಿ ಜಗಿದು, ಪುಡಿಯಾದ ಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಬೇಕು. ಹಲ್ಲುಜ್ಜದೆ ಬಾಯಿಗೆ ಏನೂ ಹಾಕಬಾರದು ಎಂದು ಹೊಡೆದು ಬೆಳೆಸಿದ ಅಮ್ಮನ ಮಗ ನಾನು. ಈಗ ಹಲ್ಲುಜ್ಜುವುದಕ್ಕೇ ಏನನ್ನಾದರೂ ಜಗಿಯಬೇಕು. ಅದನ್ನು ಮಾರುವುದೂ ಬಿಡಿಯಾಗಿ. ಬರ್ಲಿನ್‌ನಲ್ಲಿ 2014ರಲ್ಲಿ ಒರಿಜಿನಲ್ ಉನ್‌ಫರ್‌ಪಾಕ್ಟ್ ಎಂಬ ಅಂಗಡಿ ತೆರೆದ ಮೇಲೆ ಅಂಥವು ಜರ್ಮನಿಯ ಬೇರೆ ಊರುಗಳಲ್ಲೂ ಹುಟ್ಟಿಕೊಂಡವು. ಡಬ್ಬಿ ನೀವೇ ಒಯ್ಯಬೇಕು, ತೂಗಿ ಕೊಡುತ್ತಾರೆ. ಬಂಟ್ವಾಳ ಪೇಟೆಗೆ ತೆಂಗಿನೆಣ್ಣೆಯ ಕುಪ್ಪಿ ಹಿಡಿದುಕೊಂಡು ಹೋಗಲು ನಾಚಿ ಎಂಜಿನಿಯರಿಂಗ್ ಓದಿದವನು ಅಲ್ಲಿ ಕ್ಯೂ ನಿಂತು ಯುರೋ ಕೊಟ್ಟೆ.

ಜರ್ಮನಿಯಲ್ಲಿ ಬೇಸಿಗೆ ರಜೆ ಸಿಗುವಾಗ ನಮ್ಮೂರಲ್ಲಿ ಆಟಿ ತಿಂಗಳ ಜಡಿಮಳೆ. ಮಗಳು ಮಾತ್ರೆಯ ಗಾಜಿನ ಭರಣಿ, ನಮಗೆಲ್ಲ ಬಿದಿರಿನ ಬ್ರಷ್ಷು, ಹಂಚಲು ಇನ್ನಷ್ಟು ಬಿದಿರಿನ ಬ್ರಷ್ಷು ಕಟ್ಟಿಕೊಂಡು ಬಂದಳು. ಚಾಕಲೇಟಿನ ಜರಿ ಕಾಗದ ಕಸವಂತೆ, ಹಾಗಾಗಿ ಈ ಸಲ ನೆಂಟರಿಗೆ ಚಾಕಲೇಟಿಲ್ಲ. ಬಂಟ್ವಾಳದ ನಮ್ಮ ಬಚ್ಚಲಲ್ಲಿ ಎರಡು ರಾತ್ರಿ ಇದ್ದ ಬ್ರಷ್ಷಿಗೆ ಬೂಸ್ಟು ಬಂತು. ಭರಣಿಯ ಮಾತ್ರೆಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾದವು. ಬೇಕಾದಷ್ಟು ಒಡೆದುಕೊಳ್ಳಲು ಅಮ್ಮ ಅಡಿಕೆ ಕತ್ತರಿ ಕೊಟ್ಟರು.

ಅಮ್ಮನಿಗೆ ಬಿದಿರಿನ ಮೇಲೆ ಸಿಟ್ಟಿಲ್ಲ, ಕರುಣೆ. ಅವರ ಬಳಿ ಒಂದು ತಗಡಿನ ಡಬ್ಬಿ ತುಂಬ ಹಳೇ ಬ್ರಷ್ಷುಗಳಿವೆ. ಹಲ್ಲಿನಿಂದ ನಿವೃತ್ತಿಯಾದದ್ದು ಬಾಚಣಿಗೆಗೆ, ಅಲ್ಲಿಂದ ಮಿಕ್ಸಿಯ ಬ್ಲೇಡಿನ ಸಂದಿಗೆ, ಆಮೇಲೆ ಅಪ್ಪನ ತಲೆಗೆ ಡೈ ಹಚ್ಚಲಿಕ್ಕೆ. ಕೂದಲೆಲ್ಲ ಉದುರಿದ ಮೇಲೆ ಹಿಡಿ ಲಂಗಕ್ಕೆ ಲಾಡಿ ಪೋಣಿಸುತ್ತದೆ. “ಇದು ಎಷ್ಟು ಸಮಯ ಬಾಳ್ತದೆ?” ಎಂದು ಬಿದಿರಿನದ್ದನ್ನು ತಿರುಗಿಸಿ ನೋಡಿದರು. ಮಣ್ಣಲ್ಲಿ ಹಾಕಿದರೆ ಬೇಗ ಕೊಳೆಯುತ್ತದೆ, ಅದೇ ಇದರ ಗುಣ ಎಂದಳು ಮಗಳು. “ಬೇಗ ಹಾಳಾಗುದಕ್ಕೆ ದುಡ್ಡು ಜಾಸ್ತಿಯಾ ಮಾರಾಯ್ತಿ!”

ಆದರೆ ಲಾಡಿಯೂ ಬೇಡವಾದ ಮೇಲೆ ಬ್ರಷ್ಷು ಎಲ್ಲಿಗೆ ಹೋಗುತ್ತದೆಂದು ಮೊಮ್ಮಗಳು ಕೇಳಿದಾಗ ಅಜ್ಜಿ ಹಂಡೆಯ ಒಲೆ ತೋರಿಸಿದರು. ಆವತ್ತು ಹುಡುಗಿ ಸ್ನಾನ ಮಾಡಲಿಲ್ಲ. ಅಮ್ಮನ ಪದ್ಧತಿಯಲ್ಲಿ ಆ ಕೊನೆಯ ಮೆಟ್ಟಿಲೊಂದು ಬಿಟ್ಟರೆ ಫ್ರಾಂಕ್‌ಫರ್ಟ್ ಬಂದು ಕಲಿಯುವಂಥದ್ದೇ ಎಲ್ಲ ಎಂದು ನನ್ನ ಅಭಿಪ್ರಾಯ. ಇಬ್ಬರ ಎದುರೂ ಹೇಳಲಿಲ್ಲ.

ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯವಾಯಿತು. ನಸುಕಿನಲ್ಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತಂದ ತೊಗಟೆ. ಬಾಟ್ಲಿಯಿಲ್ಲ, ಲೇಬಲಿಲ್ಲ, ಮುಚ್ಚಳವಿಲ್ಲ. ಮಗಳ ಸಿದ್ಧಾಂತಕ್ಕೆ ಇಷ್ಟು ಚೆನ್ನಾಗಿ ಒಪ್ಪುವ ವಸ್ತು ಇಡೀ ಯುರೋಪಿನಲ್ಲಿ ಸಿಗಲಿಕ್ಕಿಲ್ಲ. ಕುಡಿಯಲಿಲ್ಲ.

ಪುಂಜಾಲಕಟ್ಟೆ ದಾಟಿ ಬೆಳ್ತಂಗಡಿಯ ದೊಡ್ಡಪ್ಪನ ಮನೆಗೆ ಹೋದದ್ದೇ ತಡ, ಅವರು ವಿಷಯ ತಿಳಿದು ಚಾವಡಿಯಲ್ಲಿ ನೆಟ್ಟಗೆ ಕೂತರು. “ನಮ್ಮದೆಂತ? ಉಮಿಕರಿ! ಉಮಿಯನ್ನು ರಾಶಿ ಹಾಕಿ ನಿಧಾನಕ್ಕೆ ಸುಡಬೇಕು, ಪುಡಿ ಮಾಡಿ ಉಪ್ಪು, ಒಳ್ಳೆಮೆಣಸು ಸೇರಿಸಬೇಕು. ಇಲ್ಲದಿದ್ರೆ ಮಾವಿನೆಲೆ. ನಾಲಿಗೆಗೆ ಹಿಡಿಸೂಡಿಯ ಕಡ್ಡಿ ಸೀಳಿದ್ರೆ ಆಯ್ತು.” ಉಮಿಕರಿ ಒರಟು, ಹಲ್ಲಿನ ಹೊರಪದರವನ್ನು ಸವೆಸುತ್ತದೆ ಎನ್ನುವ ದಂತವೈದ್ಯರ ಮಾತಿಗೆ ಸಾಕ್ಷಿ ಅಲ್ಲೇ ಪಕ್ಕದ ಚೊಂಬಿನಲ್ಲಿ ಮುಳುಗಿತ್ತು, ದೊಡ್ಡಪ್ಪ ಹಲ್ಲುಸೆಟ್ಟು ತೆಗೆದಿಟ್ಟೇ ಮಾತಾಡುತ್ತಿದ್ದರು. “ಅವರು ಉಮಿಕರಿ ಬಿಟ್ಟು ನಂಜನಗೂಡು ಹಲ್ಲುಪುಡಿ ಹಿಡಿದು ಯಾವ ಕಾಲ ಆಯ್ತು!” ಎಂದು ದೊಡ್ಡಮ್ಮ ಒಳಗಿಂದಲೇ ಹೇಳಿದರು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರಲ್ಲ, ಘಟ್ಟ ಇಳಿದು ಬಂದ ಅವರ ಪೊಟ್ಟಣದ ಮುಂದೆ ಮನೆಯ ಕರಿ ಸೋತಿತ್ತು.

ದೊಡ್ಡಪ್ಪ ಸೋಲೊಪ್ಪುವವರಲ್ಲ. ಮೊಮ್ಮಗಳಿಗೆ ಉಮಿಕರಿ ಮಾಡಿ ತೋರಿಸಿಯೇ ಸೈ ಎಂದು ಎದ್ದರು. ಉಮಿ ಎಲ್ಲಿ? ಬೈಲಿನ ಗದ್ದೆಯೆಲ್ಲ ಅಡಿಕೆ ತೋಟ, ಗುಡ್ಡೆ ಪೂರ್ತಿ ರಬ್ಬರು. ಅಕ್ಕಿ ಬರುವುದು ಪ್ಲಾಸ್ಟಿಕ್ ಗೋಣಿಯಲ್ಲಿ. ಒಂದು ಹಿಡಿ ಉಮಿಗಾಗಿ ಮಿಲ್ಲಿಗೆ ಫೋನು ಹೋಯಿತು; ಬೇಕಿದ್ದರೆ ಲೋಡು ಕಳಿಸುತ್ತೇವೆ ಎಂದರಂತೆ.

ಕಡೆಗೆ ಮಾವಿನೆಲೆಯೇ ಗತಿಯಾಯಿತು. ಎಲೆಯನ್ನು ಮಡಚಿ ಉಜ್ಜಿ, ಅಂಗಳದ ಬದಿಯ ತೆಂಗಿನ ಬುಡಕ್ಕೆ ಉಗುಳಿದ ಹುಡುಗಿಗೆ ಸ್ವರ್ಗ ಸಿಕ್ಕಿತು. ಬೇಸಿನ್ನಿಲ್ಲ, ಪೈಪಿಲ್ಲ, ಎಲೆ ಬಿಸಾಡಿದಲ್ಲೇ ಗೊಬ್ಬರ. ನನಗೆ ಲೆಕ್ಕ ಸರಿಹೋದದ್ದು ಅಲ್ಲಿ. ನಮ್ಮ ಹಿರಿಯರ ಜಾಣತನ ಉಮಿಯಲ್ಲೂ ಎಲೆಯಲ್ಲೂ ಅಷ್ಟಾಗಿ ಇರಲಿಲ್ಲ, ಉಗುಳಲು ಒಂದು ಅಂಗಳ ಇತ್ತು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ಬಿಳಿ ಬೇಸಿನ್ನಿನ ಮುಂದೆ, ಡೆಪಾಸಿಟ್ಟು ಮನೆ ಯಜಮಾನನ ಕೈಯಲ್ಲಿರುವಾಗ ಕರಿ ಮಸಿ ಉಗುಳುವ ಧೈರ್ಯ ಯಾರಿಗಿದೆ? ಮಾತ್ರೆಗೆ ಕೊಡುವ ಯುರೋದಲ್ಲಿ ಅರ್ಧ ಆ ಇಲ್ಲದ ಅಂಗಳದ ಬಾಡಿಗೆ.

ಗುರುವಾಯನಕೆರೆಯಲ್ಲಿ ತಿರುಗಿ, 1604ರಿಂದ ಮಳೆಯಲ್ಲಿ ತೋಯುತ್ತ ನಿಂತ ವೇಣೂರಿನ ಗೊಮ್ಮಟನಿಗೆ ಕಾರಿನಿಂದಲೇ ಕೈಮುಗಿದು, ನನ್ನ ಅತ್ತೆಯ ಮನೆ ಮೂಡುಬಿದಿರೆಗೆ ಬಂದೆವು. ಬಿದಿರ ಮೆಳೆಯಲ್ಲಿ ಹುಲಿಯೂ ಹಸುವೂ ಒಟ್ಟಿಗಿದ್ದದ್ದನ್ನು ಮುನಿಯೊಬ್ಬರು ಕಂಡು, ಅಲ್ಲಿ ಪಾರ್ಶ್ವನಾಥನ ವಿಗ್ರಹ ಸಿಕ್ಕಿ ಗುರುಬಸದಿ ಆಯಿತೆಂದು ಐತಿಹ್ಯ ಹೇಳುವ ಊರಿಗೆ, ಚೀನಾದಲ್ಲಿ ಬೆಳೆದ ಬಿದಿರನ್ನು ಜರ್ಮನಿಯ ಮೇಲಿಂದ ತಂದಿದ್ದೆವು.

ಅತ್ತೆಯ ನೆರೆಮನೆಯವರು ಜೈನರು, ಕತ್ತಲಾದ ಮೇಲೆ ಊಟವನ್ನೂ ಮಾಡದವರು. ಅವರಿಗೆಂದು ಮಗಳು ತೆಗೆದಿಟ್ಟ ಬ್ರಷ್ಷು ವಿಶೇಷದ್ದು. ಉಳಿದ ಬಿದಿರಿನ ಬ್ರಷ್ಷುಗಳ ಕೂದಲು ನೈಲಾನು, ಬಿಸಾಡುವಾಗ ಇಕ್ಕುಳದಲ್ಲಿ ಕಿತ್ತು ಬೇರೆ ಮಾಡಬೇಕು. ಇದು ಹಾಗಲ್ಲ, ನೂರಕ್ಕೆ ನೂರು ಮಣ್ಣಾಗುವಂಥದ್ದು. ಅವರ ಜಗಲಿ ಹತ್ತುವಾಗ ಪೊಟ್ಟಣದ ಸಣ್ಣ ಜರ್ಮನ್ ಅಕ್ಷರ ಓದಿದೆ: ಶ್ವೈನೆಬೋರ್ಸ್ಟೆನ್. ಹಂದಿಯ ಕೂದಲು. ಅದೇನು ಹೊಸತಲ್ಲ, 1938ರಲ್ಲಿ ನೈಲಾನಿನದ್ದು ಬರುವವರೆಗೆ ಪೇಟೆಯ ಬ್ರಷ್ಷಿಗೆ ಹೆಚ್ಚಾಗಿ ಹಂದಿಯೇ ಗತಿ. ಆದರೆ ಜೈನಕಾಶಿಯ ಜಗಲಿಯಲ್ಲಿ ಈ ಇತಿಹಾಸ ಹೇಳಿ ಪಾರಾಗುವಂತಿರಲಿಲ್ಲ. ಬ್ರಷ್ಷು ಜೇಬಿಗೆ ಹೋಯಿತು, ಹೆಂಡತಿಯ ಚೀಲದಿಂದ ಗೇರುಬೀಜ ಹೊರಬಂತು. ಅದು ಅವರೇ ಹಿಂದಿನ ದಿನ ಅತ್ತೆಗೆ ಕೊಟ್ಟಿದ್ದ ಗೇರುಬೀಜ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ವಾಪಸು ಹೊರಡುವ ದಿನ ಬಂಟ್ವಾಳದಲ್ಲಿ ಮಾತ್ರೆಯ ಭರಣಿ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯ ಅಟ್ಟದಲ್ಲಿ ಮಿಡಿ ಉಪ್ಪಿನಕಾಯಿ ತುಂಬಿಕೊಂಡು ಕೂತಿದೆ. “ಎಷ್ಟು ಒಳ್ಳೆ ಗಾಜು! ಇಲ್ಲೇ ಇರ್ಲಿ” ಎಂದರು ಅಮ್ಮ. ಮಾತ್ರೆಯೋ? ಅದನ್ನೂ ಅವರು ಬಿಸಾಡಿರಲಿಲ್ಲ. ತೊಳೆದು ಒಣಗಿಸಿಟ್ಟಿದ್ದ ಹಾಲಿನ ತೊಟ್ಟೆಗೆ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು, ಮೊಮ್ಮಗಳ ಕೈಗೆ ಕೊಟ್ಟರು: “ಅಲ್ಲಿ ಹೋಗಿ ತೊಟ್ಟೆ ಬಿಸಾಡ್ಬೇಡ ಮಗಾ, ಬರುವಾಗ ತಾ.”