ಕಣ್ಣಿ ಮೀಮಾಂಸೆ

ಕ್ರೂಸ್ ಹಡಗಿನ ಯಾತ್ರಿಕರಲ್ಲಿ ಎರಡು ಜಾತಿ. ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು, ಗೈಡು ಎತ್ತಿ ಹಿಡಿದ ಕೋಲಿನ ಹಿಂದೆ ನಡೆಯುವವರು ಒಂದು ಜಾತಿ. ‘ನಮ್ಮ ಪಾಡಿಗೆ ನಾವು ನೋಡಿಕೊಂಡು ಬರುತ್ತೇವೆ’ ಎನ್ನುವವರು ಇನ್ನೊಂದು. ಈ ಎರಡನೆಯವರನ್ನು ಲೋಕ ಸ್ವತಂತ್ರರೆಂದು ಕರೆಯುತ್ತದೆ. ಪ್ರಸ್ತುತ ಪ್ರಬಂಧ ಇದನ್ನು ಒಪ್ಪುವುದಿಲ್ಲ. ಸ್ವತಂತ್ರ ಯಾತ್ರಿಕನೆಂದರೆ ತನ್ನ ಕೊರಳಿಗೆ ತಾನೇ ಕಣ್ಣಿ ಬಿಗಿದುಕೊಂಡ ಕರು. ಹಡಗೇ ಗೂಟ, ಸಂಜೆ ಇಂತಿಷ್ಟು ಗಂಟೆಯೊಳಗೆ ಎಲ್ಲರೂ ಹತ್ತಿರತಕ್ಕದ್ದು ಎಂಬ ಒಂದು ಸಾಲೇ ಕಣ್ಣಿ. ಆ ವೃತ್ತದಾಚೆಯ ಹುಲ್ಲು ಎಷ್ಟೇ ಹಸುರಾಗಿರಲಿ, ಅದು ಭೂಗೋಳಕ್ಕೆ ಸೇರಿದ್ದು, ಹೊಟ್ಟೆಗಲ್ಲ.

ಈ ಸಿದ್ಧಾಂತವನ್ನು ಉಜ್ಜಿ ನೋಡಲು ಇಟಲಿಯ ಚಿವಿತವೆಕ್ಕಿಯ ಬಂದರಿಗಿಂತ ಒಳ್ಳೆಯ ಒರೆಗಲ್ಲು ಇಲ್ಲ. ಹಡಗಿನ ಕರಪತ್ರದಲ್ಲಿ ಈ ಊರಿನ ಹೆಸರು ರೋಮ್. ರೋಮ್ ಇರುವುದು ಸುಮಾರು 70 ಕಿ.ಮೀ. ಆಚೆ. ನಾಮ ಒಂದೆಡೆ, ರೂಪ ಇನ್ನೊಂದೆಡೆ ಇರುವ ಇಂಥ ವಸ್ತು ವೇದಾಂತಿಗಳಿಗೂ ಸುಲಭಕ್ಕೆ ಸಿಗದು. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆನ್ನಿ. ಇಳಿಯಲು ಅಪ್ಪಣೆಯಾಗಬೇಕು, ಬಂದರಿನ ಬಸ್ಸಿನಲ್ಲಿ ಲಾರ್ಗೊ ದೆಲ್ಲ ಪಾಚೆಗೆ ಬರಬೇಕು, ಅಲ್ಲಿಂದ ಸ್ಟೇಷನ್ನು, ಟಿಕೆಟ್ ಯಂತ್ರದ ಮುಂದೆ ಕ್ಯೂ, ಕಾಗದದ ಟಿಕೆಟ್ಟಾದರೆ ಪ್ಲಾಟ್‌ಫಾರ್ಮಿನ ಪೆಟ್ಟಿಗೆಯ ಬಾಯಿಗಿಟ್ಟು ಮುದ್ರೆ, ಆಮೇಲೆ ಹೆಚ್ಚುಕಡಿಮೆ ಒಂದು ಗಂಟೆಯ ರೈಲು. ಮರಳುವಾಗ ಇದೆಲ್ಲ ತಿರುಗುಮುರುಗಾಗಿ ಇನ್ನೊಮ್ಮೆ, ಜೊತೆಗೆ ರೈಲು ತಪ್ಪಿದರೆ ಎಂಬ ಭಯಕ್ಕೆ ಒಂದು ಗಂಟೆ ಮೀಸಲು. ಉಳಿದದ್ದರಲ್ಲಿ, ಕಟ್ಟಲು ಸುಮಾರು 8 ವರ್ಷ ಹಿಡಿದ ಕೊಲೊಸಿಯಮ್ಮಿಗೆ 40 ನಿಮಿಷ. 120 ವರ್ಷ ಹಿಡಿದ ಸಂತ ಪೀಟರರ ಬೆಸಿಲಿಕದ ಪಾಲಿಗೆ ಅದರ ಕ್ಯೂ ಮಾತ್ರ. ಟ್ರೆವಿ ಕಾರಂಜಿಗೆ ಬೆನ್ನು ಮಾಡಿ, ಬಲಗೈಯಿಂದ ಎಡ ಹೆಗಲ ಮೇಲೆ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತೇವೆಂಬ ನಂಬಿಕೆ ಇದೆಯಷ್ಟೆ. ಕರು ನಾಣ್ಯ ಎಸೆಯುವಾಗ ಅದರ ಕಣ್ಣು ಎಡಗೈಯ ಗಡಿಯಾರದ ಮೇಲಿರುತ್ತದೆ. ಬೇಡುತ್ತಿರುವುದು ಮರಳಿ ರೋಮನ್ನಲ್ಲ, ಮರಳಿ ಹಡಗನ್ನು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ಅನ್ನ ಬೆಂದಿದೆಯೇ ಎನ್ನಲು ಒಂದು ಅಗುಳು ಹಿಸುಕಿದರೆ ಸಾಲದೆ? ಸಾಕು, ಬೆಂದಿದೆಯೇ ಎಂಬಷ್ಟಕ್ಕೆ. ಹಸಿವಿನ ವಿಷಯದಲ್ಲಿ ಆ ನ್ಯಾಯ ಮೌನವಾಗಿದೆ. ಅಲ್ಲದೆ ಅದು ಬರೀ ಅನ್ನಕ್ಕೆ ಹೇಳಿದ್ದು. ಬಿಸಿಬೇಳೆಭಾತಿನ ಅಗುಳು ಹಿಸುಕಿದವನಿಗೆ ತಳದ ಗೋಡಂಬಿಯ ಸಮಾಚಾರ ತಿಳಿಯುವುದಿಲ್ಲ. ಹಾಗಾದರೆ ಗೂಟದ ಬುಡದಲ್ಲೇ ಮೇಯಬಹುದಲ್ಲ? ಖಂಡಿತ ಮೇಯಬಹುದು. ಈ ಬಂದರು ಸಾಮ್ರಾಟ ಟ್ರಾಜನ್ ಕಟ್ಟಿಸಿದ್ದು. ದೋಣಿಗಳು ಬಂಡೆ ತಂದು ಸುರಿದು ಸುರಿದು ಅಲೆತಡೆಯ ದ್ವೀಪವೊಂದು ನೀರಿನಿಂದ ಮೇಲೇಳುವುದನ್ನು ಕಿರಿಯ ಪ್ಲಿನಿ ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ. ದಡದಲ್ಲಿರುವುದು ಮೈಕೆಲೇಂಜಲೊ ಕೋಟೆ: 1508ರಲ್ಲಿ ಬ್ರಾಮಂತೆ ಶುರುಮಾಡಿದ, ಮೈಕೆಲೇಂಜಲೊನ ಪಾಲು ಬುರುಜೊಂದರ ಮೇಲ್ಭಾಗ ಮಾತ್ರವಂತೆ, ಹೆಸರು ಪೂರ್ತಿ ಅವನದು. 1615ರಲ್ಲಿ ಪೋಪರನ್ನು ಕಾಣಹೊರಟ ಜಪಾನಿನ ಸಮುರಾಯಿ ಹಸೆಕುರ ಇಲ್ಲಿಯೇ ಇಳಿದ. ಜಪಾನಿ ಹುತಾತ್ಮರ ಚರ್ಚಿನಲ್ಲಿ ಮೇರಿಮಾತೆ ಇಂದಿಗೂ ಕಿಮೋನೊ ತೊಟ್ಟಿದ್ದಾಳೆ.

ಪೂರ್ವಪಕ್ಷಿ ಬಿಡುವವನಲ್ಲ, ಕಣ್ಣಿಯನ್ನು ಹಿಗ್ಗಿಸಬಹುದೆಂದು ಸ್ತೆಂದಾಲನನ್ನು ಸಾಕ್ಷಿಗೆ ಕರೆಯುತ್ತಾನೆ. 1831ರಿಂದ ಈ ಊರಿನಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದ ಆ ಕಾದಂಬರಿಕಾರ, ಸಂಬಳ ಪಡೆದೂ ಇಲ್ಲಿ ನಿಲ್ಲಲಾರದೆ ಸಂದು ಸಿಕ್ಕಾಗಲೆಲ್ಲ ರೋಮಿಗೆ ಓಡುತ್ತಿದ್ದ. ರಜೆಯೊಂದನ್ನು ಹಿಗ್ಗಿಸಿ ಪ್ಯಾರಿಸ್ಸಿನಲ್ಲಿ ಕೂತು ‘ಪಾರ್ಮಾದ ಮಠ’ ಕಾದಂಬರಿ ಬರೆದ. ಸಾಕ್ಷಿ ಬಲವಾಗಿದೆ, ಆದರೆ ನಮ್ಮ ಕಡೆಗೆ. ಅವನ ಕಣ್ಣಿ ಹಿಗ್ಗಿದ್ದು ಪ್ಯಾರಿಸ್ಸಿನ ಮಂತ್ರಿಗಳ ದಯೆಯಿಂದ. ಹಡಗಿನ ಕ್ಯಾಪ್ಟನ್ ಮಂತ್ರಿಯಲ್ಲ. ಕಂಪನಿಯ ಬಸ್ಸು ತಡವಾದರೆ ಅವನು ಸಾಮಾನ್ಯವಾಗಿ ಕಾಯುತ್ತಾನೆ, ಅದು ದನಗಾಹಿ ಇರುವ ಮಂದೆ. ಒಂಟಿ ಕರುವಿಗೆ ಕಾಯುವುದಿಲ್ಲ.

ಕೊನೆಯ ಆಕ್ಷೇಪ ತಡವಾಗಿ ಬಂದವನದು. ಕಣ್ಣಿ ಕಡಿದೇ ಹೋದರೆ? ಹಡಗಿನವರು ಕ್ಯಾಬಿನ್ ಹುಡುಕಿ, ಅವನ ಪಾಸ್‌ಪೋರ್ಟ್ ಸಿಕ್ಕರೆ ಬಂದರಿನ ಏಜೆಂಟರ ಕೈಗಿತ್ತು ಲಂಗರು ಎತ್ತುವುದು ರೂಢಿ. ಕಟ್ಟೆಯ ಮೇಲೆ ಬೆನ್ನಚೀಲ ಹೊತ್ತು, ದೂರವಾಗುವ ದೀಪಗಳನ್ನು ನೋಡುತ್ತ ನಿಂತ ಇವನೊಬ್ಬನೇ ಇಡೀ ಹಡಗಿನಲ್ಲಿ ನಿಜವಾದ ಸ್ವತಂತ್ರ ಯಾತ್ರಿಕ. ರೋಮ್ ಪೂರ್ತಿ ಅವನದು. ಮುಕ್ತಿಯಾದ ಮೇಲೆ ಮುಂದಿನ ಬಂದರಿನವರೆಗಿನ ಖರ್ಚು ಯಾರದೆಂದು ಶಾಸ್ತ್ರಗಳು ಹೇಳುವುದಿಲ್ಲ. ಟಿಕೆಟ್ಟಿನ ಷರತ್ತುಗಳಲ್ಲಿ, ಸಣ್ಣ ಅಕ್ಷರದಲ್ಲಿ, ಹೇಳಿದೆ.